ಹಡಗನ್ನೇ ಕಾಣದವನ ಕೊಕ್ಕೆಗಳು

"ಆ ಸೀಟು ಬಿಡ್ರೀ."

ಕನ್ನಡಕದಂಗಡಿಯವನು ನನ್ನ ಜೊತೆ ಆಡಿದ ಮೊದಲ ಮಾತೇ ಇದು. ವಿಮಾನ ಇಳಿದು ಹೊರಗೆ ಬಂದರೆ ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ಬಂದರಿಗೆ ಹೋಗುವ ವ್ಯಾನಿನಲ್ಲಿ ಕಿಟಕಿ ಪಕ್ಕ ಕೂತು ಮಂಡಿ ನೀವಿಕೊಳ್ಳುತ್ತಿದ್ದೆ.

"ಯಾಕೆ, ನಿಮ್ಮ ಹೆಸರು ಕೆತ್ತಿಸಿದ್ದೀರಾ ಇದರ ಮೇಲೆ?" ಅಂದೆ.

"ನನ್ನ ಮಗಳಿಗೆ ಹಿಂದೆ ಕೂತರೆ ವಾಂತಿ ಬರತ್ತೆ."

"ಬೆಳಗ್ಗೆ ಬೆಳಗ್ಗೆ ಯಾರಾದ್ರೂ ಹೀಗೆ ಗುರ್ ಅಂದ್ರೆ ನನಗೂ ಬರತ್ತೆ."

ಡ್ರೈವರ್ ಹಿಂತಿರುಗಿಯೂ ನೋಡಲಿಲ್ಲ. "ನಾಲ್ಕು ಜನಕ್ಕೆ ಒಂದು ವ್ಯಾನು. ಹತ್ತೋರು ಹತ್ತಿ. ಜಗಳ ಆಡೋರು ಕೆಳಗೆ ನಿಂತು ಆಡ್ಕೊಳ್ಳಿ, ನಾನು ಹೋಗ್ತೀನಿ" ಅಂದ.

ಮಗಳು ಹದಿನೈದರ ಹುಡುಗಿ. "ಅಪ್ಪಾ, ಸಾಕು. ಎಲ್ಲರೂ ನೋಡ್ತಿದ್ದಾರೆ" ಎಂದು ಹಲ್ಲು ಕಚ್ಚಿ ಹೇಳಿ, ದಡದಡ ಹಿಂದಿನ ಸೀಟಿಗೆ ಹೋಗಿ ಕೂತಳು. ಅವಳ ಹಿಂದೆಯೇ ಚಿಕ್ಕಮ್ಮ, ಅಂದರೆ ಅಂಗಡಿಯವನ ಎರಡನೇ ಹೆಂಡತಿ. ನನ್ನ ಕಡೆ ತಿರುಗಿ, "ತಪ್ಪು ತಿಳ್ಕೋಬೇಡಿ, ಇವರಿಗೆ ರಾತ್ರಿಯಿಡೀ ನಿದ್ದೆ ಇಲ್ಲ" ಅಂದಳು. ಮೆತ್ತಗಿನ ದನಿ, ಮೆತ್ತಗಿನ ನಗು. ಇಂಥವನಿಗೆ ಇಂಥವಳು ಹೇಗೆ ಸಿಕ್ಕಳಪ್ಪಾ ಅಂದುಕೊಂಡೆ.

ಅವನ ಬಗ್ಗೆ ತಿಳಿಯಬೇಕಾದ್ದನ್ನು ನಾನು ಮೊದಲೇ ತಿಳಿದು ಬಂದಿದ್ದೆ. ಎರಡು ವರ್ಷದ ಹಿಂದೆ ಅವನ ಮೊದಲ ಹೆಂಡತಿ, ಈ ಹುಡುಗಿಯ ಹೆತ್ತಮ್ಮ, ಒಬ್ಬಳೇ ಪ್ರವಾಸದ ಹಡಗು ಹತ್ತಿದವಳು ಮತ್ತೆ ಇಳಿಯಲೇ ಇಲ್ಲ. ಕಾಲು ಜಾರಿ ಸಮುದ್ರಕ್ಕೆ ಬಿದ್ದಳು ಅಂತ ಫೈಲು ಮುಚ್ಚಿದರು.

ಸತ್ತವಳಿಗೆ ಒಬ್ಬ ಅಕ್ಕ. ಹುಡುಗಿಗೆ ದೊಡ್ಡಮ್ಮ. ನನ್ನನ್ನು ಈ ಕೆಲಸಕ್ಕೆ ಗೊತ್ತುಮಾಡಿದ್ದು ಅವರೇ. "ಅವನೂ ಬೇರೆ ಹೆಸರಲ್ಲಿ ಆ ಹಡಗಲ್ಲಿದ್ದ, ನನ್ನ ಮನಸ್ಸು ಹೇಳತ್ತೆ. ಈಗ ಮಗುವನ್ನ ಅದೇ ಕಂಪನಿ ಹಡಗಿಗೆ ಕರ್ಕೊಂಡು ಹೋಗ್ತಿದ್ದಾನೆ. ನನ್ನ ತಂಗಿ ಆಸ್ತಿಯೆಲ್ಲ ಇರೋದು ಆ ಮಗು ಹೆಸರಲ್ಲಿ. ಅವನನ್ನ ಹತ್ತೋಕೆ ಬಿಡಬೇಡಿ" ಅಂತ ಕಣ್ಣೀರು ಹಾಕಿದ್ದರು.

ನಾನು ಪತ್ತೇದಾರಿಕೆಗೆ ಬರುವ ಮೊದಲು ಎಂಟು ವರ್ಷ ಇಂಥ ಹಡಗುಗಳಲ್ಲೇ ಭದ್ರತಾ ಅಧಿಕಾರಿಯಾಗಿದ್ದವಳು. ನೆಲದ ಮೇಲೆ ಏನಾದರೂ ಆದರೆ ಪೊಲೀಸರು ಬರುತ್ತಾರೆ. ನಡುಸಮುದ್ರದಲ್ಲಿ ಆದರೆ ಬರುವವಳು ನನ್ನಂಥವಳು, ಕೈಯಲ್ಲೊಂದು ಟಾರ್ಚು ಹಿಡಿದುಕೊಂಡು. ಅಷ್ಟರಲ್ಲಿ ಅಲೆ ಎಲ್ಲವನ್ನೂ ತೊಳೆದಿರುತ್ತದೆ. ಅದಕ್ಕೇ ಈ ಮನುಷ್ಯನನ್ನು ದಡದಲ್ಲೇ ತಡೆಯಬೇಕು, ಇಲ್ಲದಿದ್ದರೆ ಹುಡುಗಿಯ ಜೀವಕ್ಕೆ ನಾನು ಜವಾಬ್ದಾರಿ.

ವ್ಯಾನು ಹೊರಟಿತು. ನಾನೂ ಒಬ್ಬ ಬಾಯಿಬಡುಕ ಪ್ರಯಾಣಿಕಳ ಹಾಗೆ ಹಿಂದೆ ತಿರುಗಿದೆ. "ನಿಮಗೆಲ್ಲ ಹಡಗು ಇದೇ ಮೊದಲಾ?"

"ಮೂವರಿಗೂ ಹೊಸದು" ಅಂದಳು ಚಿಕ್ಕಮ್ಮ. "ಫೋಟೋದಲ್ಲಿ ನೋಡಿದ್ದಷ್ಟೇ."

"ನಂಗೂ ಅಷ್ಟೇ. ಏನು ತರಬೇಕು, ಏನು ಬಿಡಬೇಕು ಅಂತ ಗೊತ್ತಾಗದೆ ತಲೆ ಕೆಟ್ಟು ಹೋಯ್ತು. ನಿಮ್ಮನೇಲಿ ಬ್ಯಾಗೆಲ್ಲ ನೀವೇ ಕಟ್ಟಿದ್ರಾ?"

ಅವಳು ಬಾಯಿ ತೆರೆಯುವ ಮೊದಲೇ ಅಂಗಡಿಯವನು ನಡುವೆ ಬಂದ. "ಬ್ಯಾಗ್ ಕಟ್ಟೋದು, ಟಿಕೆಟ್ ಮಾಡ್ಸೋದು, ನಮ್ಮನೇಲಿ ಎಲ್ಲ ನಂದೇ. ಹೆಂಗಸರ ಕೈಗೆ ಬಿಟ್ರೆ ಮನೇನೇ ಎತ್ತಿ ತುಂಬ್ತಾರೆ."

ಚಿಕ್ಕಮ್ಮ ತಲೆ ತಗ್ಗಿಸಿ ನಕ್ಕಳು. ಹುಡುಗಿ ಕಿವಿಗೆ ಹಾಡು ತುರುಕಿಕೊಂಡು ಕಿಟಕಿ ಕಡೆ ತಿರುಗಿದಳು. ನನಗೆ ಮೈಯೆಲ್ಲ ಉರಿಯಿತು, ಆದರೆ ಕೆಲಸದ ಮೇಲಿದ್ದೀನಲ್ಲ, ನಾಲಿಗೆ ಕಚ್ಚಿಕೊಂಡೆ.

ಬೆಳಗಿನ ವಿಮಾನದಲ್ಲಿ ಬಂದು ಹಡಗು ಹತ್ತುವವರ ಪಾಡು ನಾಯಿಪಾಡು. ವಿಮಾನ ಇಳಿಸುತ್ತದೆ ಕತ್ತಲಲ್ಲಿ, ಬಂದರಿನ ಬಾಗಿಲು ತೆರೆಯುವುದು ಮಧ್ಯಾಹ್ನ. ನಡುವಿನ ಹೊತ್ತನ್ನು ಎಲ್ಲಿ ಕಳೀಬೇಕು ಅಂತ ಯಾರೂ ಹೇಳಿರುವುದಿಲ್ಲ. ನಮ್ಮ ಡ್ರೈವರ್ ಬಂದರಿನ ಹತ್ತಿರದ ಒಂದು ಹೋಟೆಲಿನ ಮುಂದೆ ಇಳಿಸಿ, "ಒಂದು ಗಂಟೆಗೆ ಬರ್ತೀನಿ" ಅಂತ ಹೊಗೆ ಬಿಟ್ಟುಕೊಂಡು ಹೋದ.

ಹೋಟೆಲಿನ ಮುಂಭಾಗದಲ್ಲಿ ಕಂದು ಬಣ್ಣದ ಸೋಫಾಗಳು. ಒಂದೊಂದರ ಮೇಲೂ ಯಾರೋ ಬಾಯಿ ಬಿಟ್ಟುಕೊಂಡು ಮಲಗಿದ್ದರು, ಕಾಲು ಸ್ವಂತ ಬ್ಯಾಗಿನ ಮೇಲೆ. ಗೋಡೆಯ ಟೀವಿಯಲ್ಲಿ ದನಿ ಇಲ್ಲದ ಸುದ್ದಿ. ಕಾಫಿ ಮೆಷಿನ್ನಿನ ಬಾಯಿಗೆ ಟೇಪು ಅಂಟಿಸಿದ್ದರು. ಕೌಂಟರಿನ ಹೆಂಗಸು ನಮ್ಮನ್ನು ನೋಡಿದ ಕೂಡಲೇ ಮುಖ ಸಿಂಡರಿಸಿದಳು.

"ರೂಮು ತಗೊಳ್ದೆ ಇದ್ದೋರು ಬಾತ್‌ರೂಮ್ ಬಳಸೋ ಹಾಗಿಲ್ಲ."

"ಮುಖ ತೊಳೆಯೋಕೂ ರೂಮ್ ತಗೋಬೇಕೇನ್ರೀ?" ಅಂಗಡಿಯವನು ಶುರು ಹಚ್ಚಿಕೊಂಡ. "ನಿಮ್ಮ ಯಜಮಾನನ್ನ ಕರೀರಿ."

"ಯಜಮಾನಿ ನಾನೇ."

ಮಲಗಿದ್ದವರೆಲ್ಲ ಎದ್ದು ಕೂತರು. ಹುಡುಗಿ ಕಿವಿಯವರೆಗೂ ಕೆಂಪಾದಳು. ಕೊನೆಗೆ ಚಿಕ್ಕಮ್ಮ ಹೋಗಿ ಅದೇನು ಹೇಳಿದಳೋ, ಯಜಮಾನಿ ಕೀಲಿ ಕೊಟ್ಟಳು. ಇಬ್ಬರೂ ಮುಖ ತೊಳೆಯಲು ಹೋದರು. ಅಂಗಡಿಯವನು ಸೋಫಾದಲ್ಲಿ ಕೂತು ಗೊಣಗುತ್ತಿದ್ದ. ನಾನು ಎದುರಿನ ಸೋಫಾದಲ್ಲಿ ಕಣ್ಣು ಅರೆಮುಚ್ಚಿ ಒರಗಿದೆ.

ಸ್ವಲ್ಪ ಹೊತ್ತಿಗೆ ಅವನ ಫೋನು ಗುಂಯ್ ಅಂತು. ತೆಗೆದು ನೋಡಿದ, ಹುಬ್ಬು ಗಂಟಿಕ್ಕಿದ, ಸುತ್ತ ಒಮ್ಮೆ ಕಣ್ಣಾಡಿಸಿದ. ಆಮೇಲೆ ದೊಡ್ಡ ಬ್ಯಾಗನ್ನು ನೆಲಕ್ಕೆ ಮಲಗಿಸಿ ಜಿಪ್ಪು ಎಳೆದ.

ಮೊದಲು ಮಾತ್ರೆಯ ಡಬ್ಬಿ ತೆಗೆದು ಸಣ್ಣ ಕೈಚೀಲಕ್ಕೆ ಹಾಕಿದ. ಮಗಳ ಈಜುವ ಬಟ್ಟೆ ಕೈಚೀಲಕ್ಕೆ ಹೋಯಿತು. ಆಮೇಲೆ ಮೂವರದೂ ಒಂದೊಂದು ಜೊತೆ ಬಟ್ಟೆ, ಹಲ್ಲುಜ್ಜುವ ಬ್ರಷ್ಷು.

ನನ್ನ ನಿದ್ದೆಯೆಲ್ಲ ಹಾರಿಹೋಯಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಂದರಿಗೆ ಹೋದ ಕೂಡಲೇ ದೊಡ್ಡ ಬ್ಯಾಗುಗಳನ್ನು ಹಮಾಲಿಗಳು ಇಸಿದುಕೊಂಡುಬಿಡುತ್ತಾರೆ. ಅವು ಎಲ್ಲೆಲ್ಲೋ ಸುತ್ತಿ ನಿಮ್ಮ ಕ್ಯಾಬಿನ್ನಿನ ಬಾಗಿಲಿಗೆ ಬರುವುದು ಸಂಜೆಗೆ. ಹೊಸಬರಿಗೆ ಇದು ಗೊತ್ತಿರುವುದಿಲ್ಲ. ಮೊದಲ ದಿನ ಈಜುಕೊಳದ ಅಂಚಿನಲ್ಲಿ ಪ್ಯಾಂಟು ಮಡಚಿಕೊಂಡು ಪೆಚ್ಚಾಗಿ ನಿಂತವರು, ಬೀಪಿ ಮಾತ್ರೆ ಬೇಕು ಅಂತ ನನ್ನ ಆಫೀಸಿಗೆ ಬಂದು ಕೂಗಾಡುವವರು, ಎಲ್ಲ ಹೊಸಬರೇ. ಬೇಕಾದ್ದನ್ನು ಮೊದಲೇ ಕೈಚೀಲಕ್ಕೆ ದಾಟಿಸುವವನು ಒಂದು ಸಲವಾದರೂ ಹಡಗು ಹತ್ತಿದವನು.

ಅಷ್ಟರಲ್ಲಿ ಒಂದು ಕಾಲುಚೀಲದೊಳಗಿಂದ ಏನೋ ಜಾರಿ ಬಿತ್ತು. ಬಿದ್ದದ್ದು ನೆಲಕ್ಕಲ್ಲ. ಟಕ್ ಅಂತ ಸ್ಟೀಲ್ ಟೀಪಾಯಿಯ ಕಾಲಿಗೆ ಕಚ್ಚಿಕೊಂಡಿತು. ಹಿಂದೆಯೇ ಇನ್ನೊಂದು. ಬಟನ್ನಿನ ಗಾತ್ರದ ಮ್ಯಾಗ್ನೆಟ್, ಅದಕ್ಕೊಂದು ಸಣ್ಣ ಕೊಕ್ಕೆ.

ಹಡಗಿನ ಕ್ಯಾಬಿನ್ನಿನಲ್ಲಿ ಒಂದು ಟವೆಲು ನೇತು ಹಾಕಲೂ ಜಾಗ ಇರುವುದಿಲ್ಲ. ಆದರೆ ಗೋಡೆ ನೋಡಲು ಮರದ ಹಾಗಿದ್ದರೂ ಒಳಗೆ ಕಬ್ಬಿಣ. ಇದು ಒಳಗಿದ್ದು ಬಂದವರಿಗೆ ಮಾತ್ರ ಗೊತ್ತು, ಮತ್ತು ಅವರು ಮುಂದಿನ ಸಲ ತಪ್ಪದೆ ತರುವುದು ಈ ಮ್ಯಾಗ್ನೆಟ್ ಕೊಕ್ಕೆ.

ಅಂಗಡಿಯವನು ಒಂದನ್ನು ಕಷ್ಟಪಟ್ಟು ಕಿತ್ತ. ತಿರುಗಿಸಿ ತಿರುಗಿಸಿ ನೋಡಿ, ಕೈಚೀಲದೊಳಕ್ಕೆ ಎಸೆದ. ನಾನು ಎದ್ದು ಗಾಜಿನ ಬಾಗಿಲಾಚೆ ಹೋಗಿ ದೊಡ್ಡಮ್ಮನಿಗೆ ಫೋನು ಹಚ್ಚಿದೆ. ಅವರು ಮಂಡಿ ಮುರಿದುಕೊಂಡು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮನೆಯಲ್ಲೇ ಮಲಗಿದ್ದೀನಿ ಅಂದಿದ್ದರು. ಇಲ್ಲದಿದ್ದರೆ ಅವರೇ ಬಂದು ಅವನ ಕುತ್ತಿಗೆಪಟ್ಟಿ ಹಿಡೀತಿದ್ದರಂತೆ.

ಎಲ್ಲ ಕೇಳಿ, "ಹಂಗಾದ್ರೆ ಸಿಕ್ಕಿಬಿದ್ದ" ಅಂದರು.

"ಕೋರ್ಟಿಗೆ ಇಷ್ಟು ಸಾಲದಮ್ಮ. ಹಡಗು ಹತ್ತದ ಹಾಗೆ ಮಾಡೋಕೆ ನೋಡ್ತೀನಿ."

"ಅಷ್ಟು ಮಾಡಿ, ಸಾಕು. ಅವನೊಬ್ಬ ಹತ್ತದಿದ್ರೆ ಸಾಕು."

"ಹುಡುಗೀನ?"

"ಅವನಿಲ್ಲದೆ ಅವರು ಹೋಗ್ತಾರಾ? ತಾವೇ ಹಿಂದೆ ಬರ್ತಾರೆ ಬಿಡಿ."

ನನಗೂ ಅದು ಸರಿ ಅನ್ನಿಸಿತು. ಯಾವ ಹೆಂಡತಿ ಗಂಡನನ್ನು ದಡದಲ್ಲಿ ಬಿಟ್ಟು ಪ್ರವಾಸ ಹೋಗುತ್ತಾಳೆ?

ಒಂದಕ್ಕೆ ಬರಬೇಕಿದ್ದ ವ್ಯಾನು ಎರಡು ದಾಟಿದ ಮೇಲೆ ಬಂತು. ಅಂಗಡಿಯವನು ಡ್ರೈವರಿಗೆ ಉಗಿದು ಉಪ್ಪಿನಕಾಯಿ ಹಾಕಿದ. ಡ್ರೈವರ್ ತಿರುಗಿ, "ನಡ್ಕೊಂಡು ಹೋಗಿ ಹಂಗಾದ್ರೆ, ಹಡಗು ಕಾಣ್ತಿದೆಯಲ್ಲ" ಅಂದ. ಕಾಣುತ್ತಿತ್ತು, ನಿಜ. ಗೋದಾಮುಗಳ ತಲೆಯ ಮೇಲೆ ಬೆಳ್ಳಗೆ, ಸಾಲು ಸಾಲು ಕಿಟಕಿ. ಹುಡುಗಿ ಬೆಳಗ್ಗೆಯಿಂದ ಮೊದಲ ಸಲ ಕಿವಿಯಿಂದ ಹಾಡು ಕಿತ್ತು, "ಚಿಕ್ಕೀ, ನೋಡು" ಅಂದಳು. ಚಿಕ್ಕಮ್ಮ ಅವಳ ಕೂದಲು ನೇವರಿಸಿದಳು. ಅಪ್ಪ ಮಾತ್ರ ಆ ಕಡೆ ನೋಡಲಿಲ್ಲ. ಸೀಟಿನ ಅಂಚು ಹಿಡಿದುಕೊಂಡು ತನ್ನ ಚಪ್ಪಲಿ ನೋಡುತ್ತಿದ್ದ.

ಕಳ್ಳನಿಗೆ ಹಡಗಿನ ಮುಖ ನೋಡಲು ಧೈರ್ಯ ಸಾಲದು ಅಂದುಕೊಂಡೆ.

ಬಂದರಿನಲ್ಲಿ ಹಮಾಲಿಗಳು ಬ್ಯಾಗು ಕಿತ್ತುಕೊಂಡರು. ಒಳಗೆ ದೊಡ್ಡ ಶೆಡ್ಡು, ಕಬ್ಬಿಣದ ಅಡ್ಡಗಂಬಿ, ಕೊನೆಯಲ್ಲಿ ಕೌಂಟರುಗಳು, ಅದರಾಚೆ ಹಡಗಿನ ಗೇಟು. ಗೇಟು ಮುಚ್ಚುವುದು ಮೂರಕ್ಕೆ, ಹೊತ್ತು ಹೆಚ್ಚಿರಲಿಲ್ಲ. ಜನ ಒಬ್ಬರ ಹಿಮ್ಮಡಿ ಒಬ್ಬರು ತುಳಿಯುತ್ತಿದ್ದರು.

ಸಾಮಾನು ತಪಾಸಣೆಯ ಬೆಲ್ಟಿನ ಹತ್ತಿರ ನನ್ನ ಅದೃಷ್ಟ ನಿಂತಿತ್ತು. ದಪ್ಪ ಮೀಸೆ, ದಪ್ಪ ಹೊಟ್ಟೆ. ನನ್ನ ಕೈಕೆಳಗೆ ಹಡಗಿನಲ್ಲಿ ದುಡಿದವನು, ಈಗ ಇಲ್ಲಿನ ಭದ್ರತೆಗೆ ಮುಖ್ಯಸ್ಥ. ನಾವೆಲ್ಲ ಅವನನ್ನು ಕರೆಯುತ್ತಿದ್ದದ್ದೇ ಮೀಸೆ ಅಂತ.

"ಸೀಟಿ ಮೇಡಂ, ನೀವಿನ್ನೂ ಬದುಕಿದ್ದೀರಾ?" ಅಂದ. ಹಡಗಿನಲ್ಲಿ ನನ್ನ ಕೊರಳಲ್ಲಿ ಸದಾ ಒಂದು ಸೀಟಿ ನೇತಾಡುತ್ತಿತ್ತು, ಆ ಹೆಸರು ಹಾಗೆ ಅಂಟಿದ್ದು.

ಅವನನ್ನು ಪಕ್ಕಕ್ಕೆಳೆದು ವಿಷಯ ಹೇಳಿದೆ. ಅವನು ಮೀಸೆ ಕೆರೆದುಕೊಂಡ.

"ಬ್ಯಾಗಲ್ಲಿ ಕೊಕ್ಕೆ ಇಟ್ಕೊಂಡಿದ್ದಾನೆ ಅಂತ ಯಾರನ್ನೂ ತಡೆಯೋಕಾಗಲ್ಲ ಮೇಡಂ. ನನ್ನ ಕೆಲಸ ಹೋಗತ್ತೆ. ಅವನೇನಾದ್ರೂ ಗಲಾಟೆ ಮಾಡಿದ್ರೆ, ಯಾರ ಮೇಲಾದ್ರೂ ಕೈ ಮಾಡಿದ್ರೆ, ಆಗ ಬೇರೆ ಮಾತು. ಅಂಥವರನ್ನ ಹತ್ತಿಸಬಾರದು ಅಂತ ರೂಲೇ ಇದೆ."

"ಬೆಳಗ್ಗೆಯಿಂದ ಮೂರು ಜನರ ಮೇಲೆ ಹರಿಹಾಯ್ದಿದ್ದಾನೆ. ನಾಲ್ಕನೆಯದಕ್ಕೆ ನಾನಿದ್ದೀನಲ್ಲ" ಅಂದೆ.

ಚಿಕ್ಕಮ್ಮನೂ ಹುಡುಗಿಯೂ ಕೌಂಟರಿನ ಸಾಲಿನಲ್ಲಿದ್ದರು. ಅಂಗಡಿಯವನು ಗೋಡೆ ಪಕ್ಕದ ನೀರಿನ ನಲ್ಲಿಗೆ ಮಾತ್ರೆ ನುಂಗಲು ಬಂದ. ನಾನು ಅವನ ಎದುರಿಗೆ, ಹಾದಿಗೆ ಅಡ್ಡವಾಗಿ ನಿಂತೆ.

"ಮಾತ್ರೆ ಕೈಚೀಲದಲ್ಲಿತ್ತು, ಪುಣ್ಯ. ದೊಡ್ಡ ಬ್ಯಾಗಲ್ಲಿದ್ದಿದ್ರೆ ಸಂಜೆವರೆಗೂ ಕಾಯಬೇಕಿತ್ತು."

"ಬೆಳಗ್ಗೆಯಿಂದ ನೋಡ್ತಿದ್ದೀನಿ, ಕಾಲು ಕೆರ್ಕೊಂಡು ಬರ್ತಿದ್ದೀರಿ. ಏನ್ರೀ ನಿಮ್ಮ ತೊಂದರೆ?"

"ಹಡಗಿನ ಈ ಗುಟ್ಟೆಲ್ಲ ನಿಮಗೆ ಹೇಳಿಕೊಟ್ಟಿದ್ಯಾರು?"

"ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ."

"ಅಂದ್ರೆ ಸ್ವಂತ ಅನುಭವ."

"ಹಂಗಂದ್ರೆ?"

"ನಿಮ್ಮ ಮೊದಲನೇ ಹೆಂಡತಿ ಸಮುದ್ರಕ್ಕೆ ಬಿದ್ದ ದಿನ ನೀವೆಲ್ಲಿದ್ರಿ?"

ಕಾಗದದ ಲೋಟ ಅವನ ತುಟಿಯ ಹತ್ತಿರವೇ ನಿಂತಿತು. "ಯಾರು ನೀನು?"

"ನಿಮ್ಮ ಅತ್ತಿಗೆ ಕಳಿಸಿದವಳು."

"ಓಹೋ, ಅವಳಾ. ಇನ್ನೂ ಹಲ್ಲು ಮಸೀತಿದ್ದಾಳಾ?" ಅವನ ಕುತ್ತಿಗೆಯ ನರ ಉಬ್ಬಿತು. ನನಗೆ ಬೇಕಾಗಿದ್ದೂ ಅದೇ. "ನಾನು ಅಂಗಡೀಲಿದ್ದೆ. ಪೊಲೀಸರಿಗೆ ನೂರು ಸಲ ಹೇಳಿದ್ದೀನಿ. ನನಗೆ ನೀರು ಕಂಡ್ರೇ ಆಗಲ್ಲ."

"ನೀರು ಕಂಡ್ರೆ ಆಗದವನು ಸಮುದ್ರಕ್ಕೆ ಹೊರಟಿದ್ದು ಯಾಕೋ?"

"ಮಗಳು ಹಟ ಹಿಡಿದಳು. ಅವಳನ್ನ ಬಿಟ್ಟು ಮನೇಲಿ ಕೂತ್ಕೊಳ್ಳಾ?"

"ಮಗಳ ಮೇಲೆ ಪ್ರೀತಿನೋ, ಅವಳ ಹೆಸರಲ್ಲಿರೋ ಆಸ್ತಿ ಮೇಲೋ?"

"ಬಾಯಿ ಮುಚ್ಚು. ಅವಳಿಗೇನಾದ್ರೂ ಆದ್ರೆ ಒಂದು ಬಿಡಿಗಾಸು ನನಗೆ ಬರಲ್ಲ. ಎಲ್ಲ ತವರಿಗೇ ವಾಪಸ್ ಅಂತ ಅವಳಮ್ಮ ವಿಲ್ ಮಾಡಿದ್ದಾಳೆ. ಹೋಗಿ ನಿನ್ನ ಕಳಿಸಿದವಳನ್ನೇ ಕೇಳು."

ಸಿಕ್ಕಿಬಿದ್ದವರೆಲ್ಲ ಮೊದಲು ಮಾಡುವ ಕೆಲಸ ಬೇರೆಯವರತ್ತ ಬೆರಳು ತೋರಿಸುವುದು. ಇಂಥ ಬೆರಳುಗಳನ್ನು ನಾನು ಸಾಕಷ್ಟು ನೋಡಿದ್ದೀನಿ. ನಾನು ಸೊಪ್ಪು ಹಾಕಲಿಲ್ಲ.

"ಆ ಕೊಕ್ಕೆಗಳ ಕತೆ ಹೇಳಿ."

"ಯಾವ ಕೊಕ್ಕೆ?"

"ಟೀಪಾಯಿಗೆ ಅಂಟಿಕೊಂಡವಲ್ಲ, ಅವು. ಹಡಗಿನ ಕ್ಯಾಬಿನ್ ಗೋಡೆ ಕಬ್ಬಿಣದ್ದು. ಒಳಗೆ ಇದ್ದು ಬಂದವರು ಮಾತ್ರ ಅಂಥ ಕೊಕ್ಕೆ ತರ್ತಾರೆ. ಹಡಗನ್ನೇ ಕಾಣದವನ ಬ್ಯಾಗಿಗೆ ಅವು ಹೇಗೆ ಬಂದ್ವು?"

"ಕಬ್ಬಿಣದ್ದಾ?" ಅಂದ ಅವನು. ಸಿಟ್ಟು ಒಂದು ಕ್ಷಣ ನಿಂತ ಹಾಗಿತ್ತು.

"ನಾಟಕ ಬೇಡ. ಬ್ಯಾಗು ಕಟ್ಟಿದ್ದು ನಾನೇ ಅಂತ ವ್ಯಾನಲ್ಲಿ ನಿಮ್ಮ ಬಾಯಲ್ಲೇ ಬಂತು. ಮೂರು ಜನ ಕೇಳಿಸ್ಕೊಂಡಿದ್ದೀವಿ."

ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು. ಅವನ ಕಣ್ಣು ನನ್ನ ಭುಜದಾಚೆ ಕೌಂಟರಿನ ಕಡೆ ಹೋಯಿತು. ಅಲ್ಲಿ ಚಿಕ್ಕಮ್ಮ ಹಡಗು ಹತ್ತುವ ಕಾರ್ಡು ಇಸಿದುಕೊಂಡು, ಹುಡುಗಿಯ ಕೈ ಹಿಡಿದು, ಗೇಟಿನತ್ತ ನಡೆಯುತ್ತಿದ್ದಳು.

"ದಾರಿ ಬಿಡು" ಅಂದ.

"ಉತ್ತರ ಕೊಟ್ಟು ಹೋಗಿ."

"ದಾರಿ ಬಿಡೇ."

ನಾನು ಕಾಲು ಊರಿ ನಿಂತೆ. ಅವನು ಎರಡೂ ಕೈಯಲ್ಲಿ ನನ್ನನ್ನು ನೂಕಿದ. ನೀರಿನ ನಲ್ಲಿಗೆ ಬೆನ್ನು ತಗುಲಿ ನಾನು ಕೆಳಗೆ ಕೂತೆ, ಮಂಡಿಯಲ್ಲಿ ಜೀವ ಹೋದ ಹಾಗಾಯಿತು. ಅವನು "ಪುಟ್ಟೀ, ಪುಟ್ಟೀ" ಅಂತ ಕೂಗುತ್ತಾ ಸಾಲನ್ನು ಸೀಳಿಕೊಂಡು ಓಡಿದ. ಒಬ್ಬ ಮುದುಕ ಬಿದ್ದ, ಒಂದು ಮಗು ಕಿರುಚಿತು. ಮೀಸೆಗೆ ನಾನು ಕಣ್ಣು ಹೊಡೆಯಬೇಕಾಗಿಯೂ ಬರಲಿಲ್ಲ. ಅವನು, ಅವನ ಇಬ್ಬರು ಹುಡುಗರು ಸೇರಿ ಅಂಗಡಿಯವನನ್ನು ನೆಲಕ್ಕೆ ಕೆಡವಿ ಕೈ ಹಿಂದಕ್ಕೆ ತಿರುಚಿದರು.

ಹೇಳಿಬಿಡುತ್ತೀನಿ, ಆ ಹೊತ್ತಿಗೆ ನನಗೆ ಖುಷಿಯೇ ಆಯಿತು. ಅಬ್ಬ, ಹುಡುಗಿ ಉಳಿದಳು ಅಂತ ಎದೆ ಹಗುರಾಯಿತು. ಮಂಡಿ ಹಿಡಿದುಕೊಂಡೇ ಎದ್ದು ಹತ್ತಿರ ಹೋದೆ.

ಅವನ ಕೆನ್ನೆ ನೆಲಕ್ಕೆ ಒತ್ತಿತ್ತು. "ನಾನು ಕಟ್ಟಿಲ್ಲ" ಅಂದ.

"ಏನು?"

"ಬ್ಯಾಗು. ನಾನು ಕಟ್ಟಿಲ್ಲ. ನನಗೆ ಒಂದು ಅಂಗಿ ಮಡಚೋಕೂ ಬರಲ್ಲ. ಎಲ್ಲ ಅವಳೇ ಕಟ್ಟಿದ್ದು. ಹೆಂಡತಿ ಹೇಳಿದ ಹಾಗೆ ಕುಣೀತಾನೆ ಅಂತ ಅನ್ನಿಸ್ಕೋಬಾರದು ಅಂತ ಸುಮ್ನೆ ಜಂಭ ಕೊಚ್ಚಿದೆ." ಉಸಿರು ಎಳೆದುಕೊಂಡ. "ಹೋಟೆಲಲ್ಲಿ ಮೆಸೇಜು ಮಾಡಿದ್ದೂ ಅವಳೇ. ಮಾತ್ರೆ, ಬಟ್ಟೆ, ಕಾಲುಚೀಲದಲ್ಲಿರೋದು, ಎಲ್ಲ ಕೈಚೀಲಕ್ಕೆ ಹಾಕಿ ಅಂತ. ಅವಳಿಗೆ ಹೆಂಗೆ ಗೊತ್ತು? ಹೇಳಿ ನೀವೇ. ಅವಳಿಗೆ ಹೆಂಗೆ ಗೊತ್ತು?"

ನಾನು ಗೇಟಿನ ಕಡೆ ನೋಡಿದೆ.

ಚಿಕ್ಕಮ್ಮ ತಿರುಗಿ ನಿಂತಿದ್ದಳು. ಗಂಡ ನೆಲದ ಮೇಲೆ ಬಿದ್ದಿದ್ದು ಅವಳಿಗೆ ಚೆನ್ನಾಗಿ ಕಾಣುತ್ತಿತ್ತು. ಓಡಿ ಬರಲಿಲ್ಲ, ಕೂಗಲಿಲ್ಲ. ಫೋನಿನಲ್ಲಿ ಏನೋ ಒತ್ತಿ ಚೀಲಕ್ಕೆ ಹಾಕಿಕೊಂಡಳು. ಹುಡುಗಿಯ ಕಣ್ಣು ತುಂಬಿತ್ತು. ಬೆಳಗ್ಗೆಯಿಂದ ಅಪ್ಪ ಮಾಡಿದ ಅವಮಾನವೆಲ್ಲ ಸಾಲದು ಅಂತ ಈಗ ಇದು ಬೇರೆ. ಚಿಕ್ಕಮ್ಮ ಅವಳ ಕಿವಿಯಲ್ಲಿ ಏನೋ ಹೇಳಿದಳು. ಹುಡುಗಿ ತಲೆಯಾಡಿಸಿ, ನಾಚಿಕೆಯಿಂದ ಅಪ್ಪನಿಗೆ ಬೆನ್ನು ತಿರುಗಿಸಿದಳು.

ಗೇಟಿನ ಯಂತ್ರಕ್ಕೆ ಇಬ್ಬರೂ ಕಾರ್ಡು ತೋರಿಸಬೇಕು. ಹುಡುಗಿ ತನ್ನದನ್ನು ಮೇಲೆತ್ತಿದಳು. ಬಿಳಿ. ಚಿಕ್ಕಮ್ಮ ತನ್ನದನ್ನು ಅಂಗೈಯಲ್ಲಿ ಮುಚ್ಚಿಕೊಂಡೇ ತೋರಿಸಲು ನೋಡಿದಳು, ಯಂತ್ರ ಒಪ್ಪಲಿಲ್ಲ. ಕೈ ಬಿಡಿಸಬೇಕಾಯಿತು.

ನೀಲಿ.

ಈ ಕಂಪನಿಯಲ್ಲಿ ಮೊದಲ ಸಲ ಬರುವವರಿಗೆ ಬಿಳಿ ಕಾರ್ಡು. ಹಿಂದೆ ಪ್ರಯಾಣ ಮಾಡಿದವರಿಗೆ ನೀಲಿ. ಕೌಂಟರಿನ ಕ್ಯಾಮೆರಾ ಮುಖ ನೋಡಿ, ಹಳೆಯ ಫೋಟೋ ಹುಡುಕಿ, ತಾನೇ ಬಣ್ಣ ಆರಿಸಿ ಕೊಡುತ್ತದೆ. ಬೇಡ ಅಂದರೂ ಬಿಡುವುದಿಲ್ಲ, ಹಳೇ ಗಿರಾಕಿ ಅಂದರೆ ಕಂಪನಿಗೆ ಅಷ್ಟು ಪ್ರೀತಿ.

ಎರಡು ವರ್ಷದ ಹಿಂದಿನ ಆ ಹಡಗಿನಲ್ಲಿ ಎಲ್ಲರೂ ಗಂಡನನ್ನು ಹುಡುಕಿದರು. ಆಗಿನ್ನೂ ಆ ಮನೆಗೆ ಕಾಲಿಡದ ಒಬ್ಬ ಹೆಂಗಸನ್ನು ಯಾರು ಹುಡುಕುತ್ತಾರೆ?

"ದಮ್ಮಯ್ಯ" ಅಂದ ಅಂಗಡಿಯವನು ನೆಲದಿಂದ. ಬೆಳಗ್ಗೆಯಿಂದ ಯಾರಿಗೂ ತಗ್ಗದವನು. "ನನ್ನನ್ನ ಬೇಕಾದ್ರೆ ಜೈಲಿಗೆ ಹಾಕ್ಸಿ. ನೀವು ಹೋಗಿ. ನನ್ನ ಮಗಳ ಜೊತೆ ಇರಿ."

ನಾನು ಕೌಂಟರಿಗೆ ಓಡಿದೆ. ಓಟ ಅಂದರೆ ನನ್ನ ಮಂಡಿಯ ಓಟ. ಪಾಸ್‌ಪೋರ್ಟು, ಟಿಕೆಟ್ಟು ಎರಡನ್ನೂ ಕೌಂಟರಿನ ಮೇಲೆ ಬಡಿದೆ. "ಬೇಗ ಕೊಡಮ್ಮ ಕಾರ್ಡು."

"ಕೂಗಾಡಬೇಡಿ. ಕ್ಯಾಮೆರಾ ನೋಡಿ" ಅಂದಳು ಕೌಂಟರಿನವಳು.

"ಮೀಸೆ, ಆ ಇಬ್ಬರನ್ನ ತಡಿ" ಅಂತ ಕೂಗಿದೆ.

"ಯಾವ ತಪ್ಪಿಗೆ ತಡೀಲಿ ಮೇಡಂ? ಟಿಕೆಟ್ ಇದೆ, ಸುಮ್ನೆ ನಡ್ಕೊಂಡು ಹೋಗ್ತಿದ್ದಾರೆ." ಅವನ ದನಿಯಲ್ಲೂ ಸಿಟ್ಟಿತ್ತು. "ಗಲಾಟೆ ಮಾಡಿಸಿದ್ದು ನೀವು."

ಅಷ್ಟರಲ್ಲಿ ನನ್ನ ಫೋನು ಹೊಡೆದುಕೊಂಡಿತು. ದೊಡ್ಡಮ್ಮ. ಅವರಿಗೆ ಹೇಳಬೇಕು, ಅವರ ತಂಗಿಯ ಮಗಳು ಯಾರ ಕೈಗೆ ಸಿಕ್ಕಿದ್ದಾಳೆ ಅಂತ ಹೇಳಬೇಕು ಅಂದುಕೊಂಡು ತೆಗೆದೆ. ಮಾತಾಡಲು ಅವರು ಬಿಡಲಿಲ್ಲ.

"ಭೇಷ್. ಅವನನ್ನ ನೆಲಕ್ಕೆ ಕೆಡವಿಸಿಬಿಟ್ರಂತಲ್ಲ."

ಅವನು ಬಿದ್ದು ಎರಡು ನಿಮಿಷ ಆಗಿತ್ತೋ ಇಲ್ಲವೋ. ನಾನು ಯಾರಿಗೂ ಹೇಳಿರಲಿಲ್ಲ.

"ಯಾರು ಹೇಳಿದ್ರು ನಿಮಗೆ?"

"ಯಾರೋ ಹೇಳಿದ್ರು ಬಿಡಿ. ನಿಮ್ಮ ಕೆಲಸ ಮುಗೀತು. ನೀವಿನ್ನು ಹತ್ತಬೇಡಿ, ಮನೆಗೆ ಹೋಗಿ ಮಲಗಿ."

"ಅಮ್ಮ, ನೀವೀಗ ಎಲ್ಲಿದ್ದೀರಿ?"

"ಹಾಸಿಗೆ ಮೇಲೆ. ಕಾಲು ಹಿಂಗಿರುವಾಗ ಇನ್ನೆಲ್ಲಿ ಹೋಗ್ಲಿ?"

ಆಗ ಹಡಗು ಕೂಗಿತು. ಹೊರಡುವ ಮುಂಚೆ ಸಿಬ್ಬಂದಿಯ ಅಭ್ಯಾಸಕ್ಕೆಂದು ಕೊಡುವ ಅಪಾಯದ ಕೂಗು ಅದು, ಏಳು ಗಿಡ್ಡ, ಕೊನೆಗೊಂದು ಉದ್ದ. ಎಂಟು ವರ್ಷ ಅದನ್ನು ಕೇಳಿಕೊಂಡೇ ನಾನು ಕೆಲಸ ಮಾಡಿದವಳು. ಶೆಡ್ಡಿನ ಗಾಜೆಲ್ಲ ಅದುರಿತು.

ನನ್ನ ಬಲಗಿವಿಗೆ ಅದು ಹೊರಗಿನಿಂದ ಕೇಳಿಸುತ್ತಿತ್ತು. ಎಡಗಿವಿಗೆ ಫೋನಿನೊಳಗಿಂದ. ಇನ್ನೂ ಹತ್ತಿರದಿಂದ, ಇನ್ನೂ ಜೋರಾಗಿ.

ಉದ್ದದ ಕೂಗು ಮುಗಿಯಿತು. ದೊಡ್ಡಮ್ಮ ಫೋನು ಇಟ್ಟುಬಿಟ್ಟರು.

ಗೇಟಿನವನು ಸರಪಳಿ ಎಳೆಯಲು ಶುರು ಮಾಡಿದ. ಗೇಟಿನಿಂದ ಹಡಗಿಗೆ ಹಾಕಿದ್ದ ಸೇತುವೆಯ ಆ ತುದಿಯಲ್ಲಿ ಹುಡುಗಿಯ ಕೆಂಪು ಅಂಗಿ ಒಂದು ಸಲ ಕಂಡು, ಬಾಗಿಲೊಳಗೆ ಹೋಯಿತು. ಅವಳ ಒಂದು ಪಕ್ಕದಲ್ಲಿ ಚಿಕ್ಕಮ್ಮ, ಒಳಗೆಲ್ಲೋ ಕಾಯುತ್ತಾ ದೊಡ್ಡಮ್ಮ. ಅವಳಿಗಾಗಿ ಅಡ್ಡ ನಿಲ್ಲುತ್ತಿದ್ದ ಒಬ್ಬನೇ ಒಬ್ಬನನ್ನು ನಾನೇ ಕೈಯಾರೆ ಕೆಡವಿಸಿದ್ದೆ.

"ಅಲ್ಲಾಡಬೇಡಿ, ಫೋಟೋ ಸರಿಯಾಗಿ ಬರ್ತಿಲ್ಲ" ಅಂದಳು ಕೌಂಟರಿನವಳು.